ಹುಣ್ಣಿಮೆ ದಿನ ಚಂದ್ರನ ಟೈಕೊ ಕುಳಿಯಲ್ಲಿ ಆಳವೇ ಕಾಣ್ತಿಲ್ಲ, ಬರೀ ಬಿಳಿ ಗೆರೆ. ಯಾಕೆ?

ಕಬ್ಬನ್‌ಪೇಟೆ_ಕಿಟಕಿ
ಭಾನುವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಿನ್ನೆ ಕರಗದ ರಾತ್ರಿ. ನಮ್ಮ ಮನೆಯಿಂದ ಧರ್ಮರಾಯಸ್ವಾಮಿ ಗುಡಿಗೆ ಹತ್ತಿರ, ಹಾಗಾಗಿ ಆ ದಿನ ಮನೇಲಿ ಯಾರೂ ಮಲಗಲ್ಲ. ಕರಗ ಹೊರಡೋದು ನಡುರಾತ್ರಿ ದಾಟಿದ ಮೇಲೆ. ಅಲ್ಲಿವರೆಗೆ ಸುಮ್ನೆ ಕೂರೋದು ಯಾಕೆ ಅಂತ ಮಗಳನ್ನ ಕರ್ಕೊಂಡು ತಾರಸಿಗೆ ಹೋದೆ. 70 ಎಂಎಂ ಟೆಲಿಸ್ಕೋಪ್ ಇದೆ, ಎರಡು ತಿಂಗಳ ಹಿಂದೆ ತಗೊಂಡಿದ್ದು. ಚೈತ್ರದ ಹುಣ್ಣಿಮೆ, ಒಂದು ಚೂರು ಮೋಡ ಇರ್ಲಿಲ್ಲ.

ಮಗಳು ಈಗ ಏಳನೇ ಕ್ಲಾಸು. ಟೈಕೊ ಕುಳಿ ತೋರಿಸ್ತೀನಿ ಅಂತ ವಾರದಿಂದ ಆಸೆ ಹುಟ್ಟಿಸಿದ್ದೆ. 85 ಕಿಮೀ ಅಗಲ, ಐದು ಕಿಮೀಗೆ ಹತ್ತಿರ ಆಳ, ನಡುವೆ ಒಂದು ಬೆಟ್ಟ ಅಂತೆಲ್ಲ ಹೇಳಿದ್ದೆ. ನೋಡಿದ್ರೆ ಚಂದ್ರನ ದಕ್ಷಿಣದಲ್ಲಿ ಒಂದು ಬಿಳಿ ಚುಕ್ಕೆ, ಅದರಿಂದ ಸುತ್ತಲೂ ಹೊರಟ ಬಿಳಿ ಗೆರೆಗಳು, ಅಷ್ಟೇ. ಕಿತ್ತಳೆ ಹಣ್ಣಿನ ತೊಟ್ಟು ನೋಡಿದ ಹಾಗೆ. "ಅಪ್ಪಾ, ಇದು ಗುಂಡಿ ಅಲ್ಲ, ಯಾರೋ ಸುಣ್ಣ ಎರಚಿದ್ದಾರೆ" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಟೆಲಿಸ್ಕೋಪ್ ಚಿಕ್ಕದಾಯ್ತಾ? ಫೋಕಸ್ ತಪ್ಪಾ? ಬೆಂಗಳೂರಿನ ಬೀದಿ ದೀಪದ ಬೆಳಕಿನ ತೊಂದರೆಯಾ? ಗೊತ್ತಿರೋರು ದಯವಿಟ್ಟು ಹೇಳಿ. ಮಗಳದ್ದೂ ಎರಡು ಪ್ರಶ್ನೆ ಇದೆ: ಕುಳಿಗಳೆಲ್ಲ ಯಾಕೆ ದುಂಡಗಿವೆ? ಗುಂಡಿ ನಡುವೆ ಬೆಟ್ಟ ಹೇಗೆ ಬಂತು?

ತಾರಸಿ_ದುರ್ಬೀನು
ಭಾನುವಾರ ಬೆಳಿಗ್ಗೆ 10:31

ಟೆಲಿಸ್ಕೋಪಲ್ಲಿ ತಪ್ಪಿಲ್ಲ, ಫೋಕಸ್ಸಲ್ಲೂ ತಪ್ಪಿಲ್ಲ. ದಿನ ತಪ್ಪು.

ಹುಣ್ಣಿಮೆಗೆ ಸೂರ್ಯ ಇರೋದು ನಮ್ಮ ಬೆನ್ನ ಹಿಂದೆ. ಬೆಳಕು ಚಂದ್ರನ ಮೇಲೆ ನೇರ ಬೀಳುತ್ತೆ, ನೆರಳೆಲ್ಲ ಕಲ್ಲಿನ ಹಿಂದೆ ಅಡಗಿ ಹೋಗುತ್ತೆ. ನಮ್ಮ ಕಣ್ಣು ಆಳ ಅಳೆಯೋದೇ ನೆರಳಿಂದ. ಮಧ್ಯಾಹ್ನ ಹನ್ನೆರಡಕ್ಕೆ ವಿಮಾನದಿಂದ ನಂದಿ ಬೆಟ್ಟ ನೋಡಿದ್ರೆ ಚಪ್ಪಟೆ ಹಸಿರು ತೇಪೆ. ಅದೇ ಬೆಳಿಗ್ಗೆ ಆರೂವರೆಗೆ ನೋಡಿ, ಒಂದೊಂದು ಬಂಡೆಯೂ ಎದ್ದು ನಿಂತಿರುತ್ತೆ. ಕುಳಿ ನೋಡ್ಬೇಕಂದ್ರೆ ಅದು ಬೆಳಕು ನೆರಳಿನ ಗಡಿ ಮೇಲೆ ಇರೋ ದಿನ ನೋಡ್ಬೇಕು.

ಬೀದಿ ದೀಪದ ಚಿಂತೆ ಬಿಡಿ. ಚಂದ್ರನಿಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನಡುವೆ ನಿಂತು ನೋಡಿದ್ರೂ ನಡೆಯುತ್ತೆ.

ಯಲಹಂಕ_ಬೈಕು
ಭಾನುವಾರ ಬೆಳಿಗ್ಗೆ 10:40

ಹುಣ್ಣಿಮೆಗೆ ಟೆಲಿಸ್ಕೋಪ್ ಎತ್ತಲೇಬಾರದು. ಕಣ್ಣು ಕುಕ್ಕುತ್ತೆ ಅಷ್ಟೇ.

ಹೊಸಕೆರೆಹಳ್ಳಿ_ಪದ್ಮ
ಭಾನುವಾರ ಬೆಳಿಗ್ಗೆ 10:58

ಒಪ್ಪಲ್ಲ. ಕಿರಣ, ಅಂದ್ರೆ ಆ ಬಿಳಿ ಗೆರೆ, ನೋಡೋಕೆ ಹುಣ್ಣಿಮೆಯೇ ಬೇಕು. ಟೈಕೊ ಕಿರಣಗಳು 1500 ಕಿಮೀಗಿಂತ ದೂರ ಹರಡಿವೆ, ಬೇರೆ ದಿನ ಅವು ಅಷ್ಟು ನಿಚ್ಚಳ ಇರಲ್ಲ. ಆಳ ಕಾಣಲ್ಲ ಅನ್ನೋದು ಸರಿ, ಆದ್ರೆ ಹುಣ್ಣಿಮೆ ಬೇರೆ ವಿಷಯ ಹೇಳುತ್ತೆ.

ಕಬ್ಬನ್‌ಪೇಟೆಯವರೇ, ಬಿಳಿ ಚುಕ್ಕೆ ಸುತ್ತ ಒಂದು ಬೂದು ಬಣ್ಣದ ಉಂಗುರ ಕಂಡಿತ್ತಾ? ಡಿಕ್ಕಿ ಹೊಡೆದಾಗ ಕರಗಿ ಚಿಮ್ಮಿದ ಕಲ್ಲು ಅಂಚಿನ ಹೊರಗೆ ಗಾಜಿನಂತೆ ಹೆಪ್ಪುಗಟ್ಟಿದ್ದು ಅದು. ಹುಣ್ಣಿಮೆಗೇ ಚೆನ್ನಾಗಿ ಕಾಣೋದು. ಇನ್ನೊಂದು ಗಮನಿಸಿ: ಕಿರಣಗಳು ಎಲ್ಲಾ ಕಡೆ ಒಂದೇ ಸಮ ಇಲ್ಲ. ಪಶ್ಚಿಮದ ಕಡೆ ತೆಳು. ಬಂದ ಕಲ್ಲು ಪಶ್ಚಿಮದಿಂದ ಓರೆಯಾಗಿ ಬಡಿದಿದೆ ಅನ್ನೋದಕ್ಕೆ ಅದೇ ಗುರುತು.

ಕಣ್ಣು ಕುಕ್ಕೋದಕ್ಕೆ ಪರಿಹಾರ ನಿಮ್ಮ ಟೆಲಿಸ್ಕೋಪಲ್ಲೇ ಇರಬಹುದು. ಎದುರಿನ ದೊಡ್ಡ ಮುಚ್ಚಳದಲ್ಲಿ ಎಷ್ಟೋ ಸಲ ಇನ್ನೊಂದು ಚಿಕ್ಕ ಮುಚ್ಚಳ ಇರುತ್ತೆ. ದೊಡ್ಡದನ್ನ ಹಾಗೇ ಬಿಟ್ಟು ಚಿಕ್ಕದನ್ನಷ್ಟೇ ತೆಗೆದು ನೋಡಿ.

ಕಬ್ಬನ್‌ಪೇಟೆ_ಕಿಟಕಿ
ಭಾನುವಾರ ಬೆಳಿಗ್ಗೆ 11:20

ಚಿಕ್ಕ ಮುಚ್ಚಳ ಇದೆ! ಎರಡು ತಿಂಗಳಿಂದ ಯಾಕಿದೆ ಅಂತ ಯೋಚಿಸ್ತಿದ್ದೆ. ಬೂದು ಉಂಗುರ ಮಗಳಿಗೆ ಕಂಡಿತ್ತಂತೆ, ನನಗೆ ಹೇಳಿರ್ಲಿಲ್ಲ.

ಹಾಗಾದ್ರೆ ಟೈಕೊ ಯಾವ ದಿನ ನೋಡ್ಬೇಕು?

ಮಲ್ಲೇಶ್ವರ_ಅಡ್ಡರಸ್ತೆ
ಭಾನುವಾರ ಮಧ್ಯಾಹ್ನ 12:05

ನವಮಿ.

ಮೂವತ್ತು ವರ್ಷದಿಂದ ಚಂದ್ರ ನೋಡ್ತಿದೀನಿ, ಆಪ್ ಗೀಪ್ ಏನೂ ಇಟ್ಟಿಲ್ಲ. ಅಡುಗೆಮನೆ ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಒಂದೇ ಸಾಕು. ಶುಕ್ಲ ಷಷ್ಠಿಗೆ ಥಿಯೋಫಿಲಸ್, ನವಮಿಗೆ ಟೈಕೊ, ದಶಮಿಗೆ ಕೊಪರ್ನಿಕಸ್, ಏಕಾದಶಿಗೆ ಕೆಪ್ಲರ್ ಮತ್ತು ಗಸೆಂಡಿ, ದ್ವಾದಶಿಗೆ ಅರಿಸ್ಟಾರ್ಕಸ್, ಚತುರ್ದಶಿಗೆ ಗ್ರಿಮಾಲ್ಡಿ. ರಾಮನವಮಿ ಸಂಜೆ ಪಾನಕ ಕುಡಿದು ತಾರಸಿಗೆ ಹೋದ್ರೆ ಟೈಕೊ ಮೇಲೆ ಬೆಳಗಾಗ್ತಿರುತ್ತೆ. ಆಯುಧಪೂಜೆ ದಿನವೂ ಅದೇ, ಮಹಾನವಮಿ ಅಲ್ವಾ. ನಮ್ಮನೇಲಿ ಅವತ್ತು ಸ್ಕೂಟರ್ ಜೊತೆ ಟೆಲಿಸ್ಕೋಪಿಗೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ತೀವಿ, ಸಂಜೆ ಅದರಲ್ಲೇ ಟೈಕೊ ನೋಡ್ತೀವಿ.

ಯಲಹಂಕ_ಬೈಕು
ಭಾನುವಾರ ಮಧ್ಯಾಹ್ನ 12:11

ಪಂಚಾಂಗಕ್ಕೂ ಚಂದ್ರನ ಕುಳಿಗೂ ಏನು ಸಂಬಂಧ ಸಾರ್? ಇಲ್ಲಿ ವಿಜ್ಞಾನ ಮಾತಾಡೋಣ.

ಲೆಕ್ಕದ_ಮೇಷ್ಟ್ರು
ಭಾನುವಾರ ಮಧ್ಯಾಹ್ನ 12:50

ಯಲಹಂಕದವರು ದುಡುಕಬಾರದು. ಅವರು ಹೇಳಿದ್ದು ಶುದ್ಧ ಜ್ಯಾಮಿತಿ.

ತಿಥಿ ಅಂದರೆ ಏನು? ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅಮಾವಾಸ್ಯೆಯಿಂದ ಹುಣ್ಣಿಮೆಗೆ 180 ಡಿಗ್ರಿ, ಹದಿನೈದು ತಿಥಿ. ಚಂದ್ರನ ಮೇಲಿನ ಬೆಳಕು ನೆರಳಿನ ಗಡಿಯೂ ಅದೇ ಕೋನಕ್ಕೆ ಕಟ್ಟುಬಿದ್ದಿದೆ, ತಿಥಿಗೆ 12 ಡಿಗ್ರಿ ರೇಖಾಂಶ ಜರುಗುತ್ತದೆ. ಶುಕ್ಲ ಅಷ್ಟಮಿಯ ನಟ್ಟನಡುವೆ ಕೋನ ಸರಿಯಾಗಿ 90, ಗಡಿ ಚಂದ್ರನ ಮಧ್ಯರೇಖೆಯ ಮೇಲೆ. ನವಮಿಯ ಹೊತ್ತಿಗೆ ಅದು ಪಶ್ಚಿಮ ರೇಖಾಂಶ 6ರಿಂದ 18ಕ್ಕೆ ಹೋಗುತ್ತದೆ. ಟೈಕೊ ಇರುವುದು ಪಶ್ಚಿಮ 11 ಡಿಗ್ರಿ ಚಿಲ್ಲರೆಯಲ್ಲಿ. ಕೊಪರ್ನಿಕಸ್ 20ರಲ್ಲಿ, ಆದ್ದರಿಂದ ದಶಮಿ. ನಾನು ಈ ಸಂಬಂಧವನ್ನು ಇವತ್ತೇ ಗಮನಿಸಿದ್ದು, ಮಲ್ಲೇಶ್ವರದವರಿಗೆ ಕೈಮುಗಿದೆ.

ಆದರೆ ಎರಡು ತಿದ್ದುಪಡಿ. ಒಂದು, ಕ್ಯಾಲೆಂಡರಿನಲ್ಲಿ ಅಚ್ಚಾಗುವುದು ಸೂರ್ಯೋದಯದ ತಿಥಿ. ಸಂಜೆಗೆ ಮುಂದಿನ ತಿಥಿ ಹಿಡಿದಿರಬಹುದು, ಪಕ್ಕದಲ್ಲಿ ಕೊಟ್ಟಿರುವ ಗಳಿಗೆ ನೋಡಿಕೊಳ್ಳಬೇಕು. ಎರಡು, ಚಂದ್ರ ನಮಗೆ ಒಂದೇ ಮುಖ ತೋರಿಸಿದರೂ ಅತ್ತ ಇತ್ತ ತುಸು ತೂಗಾಡುತ್ತಾನೆ, ಸುಮಾರು 8 ಡಿಗ್ರಿಯವರೆಗೆ. ಹಾಗಾಗಿ ಈ ಲೆಕ್ಕ ಅರ್ಧ ದಿನಕ್ಕೂ ಮಿಕ್ಕಿ ಹಿಂದೆ ಮುಂದೆ ಆಗಬಹುದು.

ಮಲ್ಲೇಶ್ವರ_ಅಡ್ಡರಸ್ತೆ
ಭಾನುವಾರ ಮಧ್ಯಾಹ್ನ 1:15

ಮೇಷ್ಟ್ರೇ, ಧನ್ಯವಾದ. ನನಗೆ ಕಾರಣ ಗೊತ್ತಿರ್ಲಿಲ್ಲ, ನೋಡಿ ನೋಡಿ ಬರೆದಿಟ್ಕೊಂಡಿದ್ದೆ ಅಷ್ಟೇ. ಕೆಲವು ಸಲ ಒಂದು ದಿನ ತಪ್ಪೋದು ಯಾಕೆ ಅಂತ ಈಗ ಅರ್ಥ ಆಯ್ತು.

ಯಲಹಂಕ_ಬೈಕು
ಭಾನುವಾರ ಮಧ್ಯಾಹ್ನ 1:22

ಸರಿ ಸಾರ್, ಮಾತು ವಾಪಸ್ ತಗೊಂಡೆ. ಇದು ನಿಜವಾಗ್ಲೂ ಚೆನ್ನಾಗಿದೆ.

ಕಬ್ಬನ್‌ಪೇಟೆ_ಕಿಟಕಿ
ಭಾನುವಾರ ಮಧ್ಯಾಹ್ನ 2:03

ಅಂದ್ರೆ ಮುಂದಿನ ಶುಕ್ಲ ನವಮಿವರೆಗೆ ಮೂರು ವಾರಕ್ಕೂ ಹೆಚ್ಚು ಕಾಯ್ಬೇಕಾ? ಮಗಳು ಈಗ್ಲೇ ದಿನಕ್ಕೆ ನಾಲ್ಕು ಸಲ ಕೇಳ್ತಿದಾಳೆ.

ತಾರಸಿ_ದುರ್ಬೀನು
ಭಾನುವಾರ ಮಧ್ಯಾಹ್ನ 2:10

ಬೇಡ. ಕೃಷ್ಣ ಪಕ್ಷದಲ್ಲೂ ಅದೇ ತಿಥಿ ನಡೆಯುತ್ತೆ, ಆಗ ಟೈಕೊ ಮೇಲೆ ಸೂರ್ಯ ಮುಳುಗ್ತಿರ್ತಾನೆ. ಬರೋ ಭಾನುವಾರ ಸೋಮವಾರದ ಹೊತ್ತಿಗೆ ಕೃಷ್ಣ ಅಷ್ಟಮಿ, ನವಮಿ. ಚಂದ್ರ ಹುಟ್ಟೋದೇ ನಡುರಾತ್ರಿ ಆದ್ಮೇಲೆ, ಗೋಕುಲಾಷ್ಟಮಿಗೆ ಅರ್ಘ್ಯ ಕೊಡೋಕೆ ಕಾಯ್ತೀವಲ್ಲ ಹಾಗೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದರೆ ಚೆನ್ನಾಗಿ ಮೇಲೆ ಬಂದಿರ್ತಾನೆ. ಆ ಹೊತ್ತಿಗೆ ತಾರಸಿಯ ಕಾಂಕ್ರೀಟೂ ತಣ್ಣಗಾಗಿರುತ್ತೆ. ಸಂಜೆ ಏಳಕ್ಕೆ ನೋಡಿದ್ರೆ ಹಗಲೆಲ್ಲ ಕಾದ ನೆಲದಿಂದ ಬಿಸಿಗಾಳಿ ಏಳ್ತಿರುತ್ತೆ, ಚಂದ್ರ ನೀರಿನ ತಳದಲ್ಲಿ ಇದ್ದ ಹಾಗೆ ಕುಣೀತಾನೆ.

ರಾಜಾಜಿನಗರ_ರಾಜು
ಭಾನುವಾರ ಸಂಜೆ 5:30

ಕುಳಿಗಳೆಲ್ಲ ಹಳೇ ಜ್ವಾಲಾಮುಖಿ ಬಾಯಿ ಅಲ್ವಾ? ನಾವು ಓದೋವಾಗ ನಮ್ಮ ಮೇಷ್ಟ್ರು ಹಾಗೇ ಹೇಳಿದ್ರು. ನಡುವೆ ಬೆಟ್ಟ ಇರೋದು ಅದಕ್ಕೇ, ಲಾವಾ ಬಂದ ಜಾಗ.

ಲಾಲ್‌ಬಾಗ್_ಬಂಡೆ
ಭಾನುವಾರ ಸಂಜೆ 6:14

ನಿಮ್ಮ ಮೇಷ್ಟ್ರು ಹೇಳಿದ್ದು ಆ ಕಾಲಕ್ಕೆ ಬಹಳ ಜನ ನಂಬಿದ್ದ ಮಾತೇ. ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1890ರ ದಶಕದಲ್ಲೇ ಇವು ಡಿಕ್ಕಿಯಿಂದ ಆದದ್ದು ಅಂದಿದ್ದರು, ಆದ್ರೆ ವಾದ ತೀರಿದ್ದು ಮನುಷ್ಯ ಚಂದ್ರನ ಮೇಲೆ ಇಳಿಯೋ ಕಾಲಕ್ಕೆ.

ನಡುವಿನ ಬೆಟ್ಟ ಲಾವಾ ಅಲ್ಲ. ಬಕೆಟ್ ನೀರಿಗೆ ಮೇಲಿಂದ ಒಂದು ಹನಿ ಬಿಡಿ. ಮೊದಲು ತಗ್ಗು ಬೀಳುತ್ತೆ, ಆಮೇಲೆ ನಡುವಿಂದ ಒಂದು ಕಂಬ ಮೇಲೇಳುತ್ತೆ. ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಮೀ ವೇಗದ ಡಿಕ್ಕಿಯಲ್ಲಿ ಗಟ್ಟಿ ಬಂಡೆಯೂ ಕೆಲವು ಗಳಿಗೆ ಹಾಗೇ ವರ್ತಿಸುತ್ತೆ. ಅದುಮಿ ಹೋದ ನೆಲ ಪುಟಿದು ಮೇಲೆ ಬಂತು, ಬಂದಲ್ಲೇ ಗಟ್ಟಿಯಾಯ್ತು. ಟೈಕೊ ಶಿಖರ ತಳದಿಂದ ಸುಮಾರು 2 ಕಿಮೀ ಎತ್ತರ. ಗೋಡೆಗಳು ಅವುಗಳ ಭಾರಕ್ಕೆ ಅವೇ ಕುಸಿದು ಮೆಟ್ಟಿಲು ಮೆಟ್ಟಿಲಾದವು, ಘಟ್ಟದ ಗದ್ದೆಗಳ ಥರ. ಕರಗಿದ ಕಲ್ಲು ತಳದಲ್ಲಿ ಹರಡಿ ನಿಂತಿತು.

ಚಂದ್ರನಲ್ಲಿ ಸುಮಾರು 15ರಿಂದ 20 ಕಿಮೀ ಅಗಲ ದಾಟಿದ ಕುಳಿಗಳಿಗೆ ಮಾತ್ರ ಈ ಶಿಖರ ಮೆಟ್ಟಿಲು ಎಲ್ಲ. ಅದಕ್ಕಿಂತ ಚಿಕ್ಕವು ಬರೀ ಬೋಗುಣಿ. ನಮ್ಮ ವಿಕ್ರಮ್ ಸಾರಾಭಾಯಿ ಹೆಸರಿನ ಕುಳಿ 8 ಕಿಮೀ ಅಗಲ, ಚಂದ್ರಯಾನ-2 2020ರಲ್ಲಿ ತೆಗೆದ ಚಿತ್ರದಿಂದ ಆಳ ಸುಮಾರು 1.7 ಕಿಮೀ ಅಂತ ಗೊತ್ತಾಯ್ತು. ಅಗಲದ ಐದನೇ ಒಂದು ಪಾಲು ಆಳ. ಟೈಕೊ 85 ಕಿಮೀಗೆ 4.7 ಕಿಮೀ, ಹದಿನೆಂಟನೇ ಒಂದು ಪಾಲು. ಅದು ಬೋಗುಣಿ ಅಲ್ಲ, ಅಂಚಿರೋ ಊಟದ ತಟ್ಟೆ.

ರಾಜಾಜಿನಗರ_ರಾಜು
ಭಾನುವಾರ ಸಂಜೆ 6:40

ಡಿಕ್ಕಿ ಅಂತಾದ್ರೆ ಓರೆಯಾಗಿ ಬಿದ್ದ ಕಲ್ಲು ಉದ್ದನೆ ಗುಂಡಿ ಮಾಡ್ಬೇಕಿತ್ತು. ಎಲ್ಲಾ ದುಂಡಗೆ ಹೇಗೆ? ಇದಕ್ಕೆ ಉತ್ತರ ಕೊಡಿ.

ಬಿಳೇಕಹಳ್ಳಿ_ಟೀಚರ್
ಭಾನುವಾರ ರಾತ್ರಿ 8:25

ನಾನು ಪ್ರೈಮರಿ ಶಾಲೆ ಟೀಚರ್. ಮಗಳಿಗೆ ತೋರಿಸೋಕೆ ಒಂದು ಪ್ರಯೋಗ ಹೇಳ್ತೀನಿ, ನಾನು ಪ್ರತಿ ವರ್ಷ ಮಾಡ್ತೀನಿ.

ಒಂದು ಅಗಲವಾದ ಪಾತ್ರೆಗೆ ನಾಲ್ಕು ಬೆರಳು ಆಳಕ್ಕೆ ಅಕ್ಕಿ ಹಿಟ್ಟು ಹಾಕಿ, ಅಲುಗಿಸಿ ಸಮ ಮಾಡಿ. ಅದರ ಮೇಲೆ ಜರಡಿಯಲ್ಲಿ ರಾಗಿ ಹಿಟ್ಟು ತೆಳ್ಳಗೆ ಉದುರಿಸಿ, ಬಿಳಿ ಮುಚ್ಚುವಷ್ಟು ಮಾತ್ರ. ಸ್ಟೂಲ್ ಮೇಲೆ ನಿಂತು ಒಂದು ಗೋಲಿ ಬಿಡಿ. ಒಳಗಿನ ಅಕ್ಕಿ ಹಿಟ್ಟು ಕಂದು ಹಿಟ್ಟಿನ ಮೇಲೆ ಬಿಳಿ ಕಿರಣವಾಗಿ ಎರಚುತ್ತೆ. ಥೇಟ್ ಹುಣ್ಣಿಮೆಯ ಟೈಕೊ! ಕಿರಣ ಅಂದ್ರೆ ಒಳಗಿಂದ ಹೊರಬಿದ್ದ ಹೊಸ ಪುಡಿ. ಮೇಲಿನ ಹಳೇ ನೆಲ ಬಿಸಿಲು, ಸೌರಗಾಳಿ, ಸಣ್ಣ ಕಲ್ಲಿನ ಹೊಡೆತ ತಿಂದು ಮಂಕಾಗಿರುತ್ತೆ, ಹೊಸದು ಬೆಳ್ಳಗಿರುತ್ತೆ. ಕಾಲ ಕಳೆದಂತೆ ಅದೂ ಮಂಕಾಗುತ್ತೆ.

ಈಗ ಗೋಲಿಯನ್ನ ಓರೆಯಾಗಿ ಎಸೀರಿ. ಉದ್ದನೆ ಗುಂಡಿ ಬೀಳುತ್ತೆ, ರಾಜು ಅವರು ಹೇಳಿದ ಹಾಗೆ. ಅಲ್ಲೇ ವ್ಯತ್ಯಾಸ ಇರೋದು. ನಮ್ಮ ಗೋಲಿ ನಿಧಾನ, ಅದು ಹಿಟ್ಟನ್ನ ತಳ್ಳುತ್ತೆ. ಚಂದ್ರನಿಗೆ ಬಡಿಯೋ ಕಲ್ಲು ತಳ್ಳಲ್ಲ, ಸಿಡಿಯುತ್ತೆ. ಆ ವೇಗದಲ್ಲಿ ಅದರ ಶಕ್ತಿಯೆಲ್ಲ ಒಂದು ಬಿಂದುವಿಂದ ಬಾಂಬಿನಂತೆ ಎಲ್ಲಾ ದಿಕ್ಕಿಗೂ ಹೋಗುತ್ತೆ, ಅದಕ್ಕೇ ಗುಂಡಿ ದುಂಡಗೆ. ಯಾವ ಕಡೆಯಿಂದ ಬಂತು ಅನ್ನೋದು ಕಿರಣದಲ್ಲಿ ಮಾತ್ರ ಉಳಿಯುತ್ತೆ, ಪದ್ಮ ಅವರು ಹೇಳಿದ್ರಲ್ಲ. ನೆಲಕ್ಕೆ ತೀರಾ ಸವರಿಕೊಂಡು, 15 ಡಿಗ್ರಿಗೂ ಕಡಿಮೆ ಓರೆಯಲ್ಲಿ ಬಂದ್ರೆ ಮಾತ್ರ ಉದ್ದನೆ ಕುಳಿ. ಮೆಸ್ಸಿಯರ್ ಅಂತ ಒಂದಿದೆ, ಮೊಟ್ಟೆ ಆಕಾರದ್ದು, ಅದರ ಪಕ್ಕದ ಮೆಸ್ಸಿಯರ್-ಎ ಒಂದೇ ಕಡೆಗೆ ಎರಡು ಉದ್ದ ಕಿರಣ ಬಿಟ್ಟಿದೆ.

ಹಿಟ್ಟಲ್ಲಿ ನಡುವಿನ ಶಿಖರ ಮಾತ್ರ ಬರಲ್ಲ, ಅದಕ್ಕೆ ನೀರಿನ ಹನಿಯೇ ಬೇಕು. ಮಕ್ಕಳಿಗೆ ಎರಡೂ ತೋರಿಸಿ.

ಹುಬ್ಬಳ್ಳಿ_ಟು_ಹೆಬ್ಬಾಳ
ಭಾನುವಾರ ರಾತ್ರಿ 8:51

ಭಾಳ ಛಲೋ ಹೇಳಿದ್ರಿ ಟೀಚರ್. ನಮ್ಮನ್ಯಾಗ ರಾಗಿ ಇಲ್ರೀ, ಜ್ವಾಳದ ಹಿಟ್ಟು ನಡೀತದೇನು?

ಬಿಳೇಕಹಳ್ಳಿ_ಟೀಚರ್
ಭಾನುವಾರ ರಾತ್ರಿ 9:02

ಜೋಳ ಬೆಳ್ಳಗಲ್ವಾ, ಬಣ್ಣದ ವ್ಯತ್ಯಾಸ ಗೊತ್ತಾಗಲ್ಲ. ಕೆಳಗೆ ಜೋಳದ ಹಿಟ್ಟು ಹಾಕಿ, ಮೇಲೆ ಖಾರದಪುಡಿ ಮಾತ್ರ ಬೇಡ, ಕಣ್ಣಿಗೆ ಹಾರುತ್ತೆ. ಕಾಫಿಪುಡಿ ನಡೆಯುತ್ತೆ.

ರಾಜಾಜಿನಗರ_ರಾಜು
ಭಾನುವಾರ ರಾತ್ರಿ 9:30

ಒಪ್ಪಿದೆ. ಒಳ್ಳೆ ಉತ್ತರ. ಆದ್ರೆ ಚಂದ್ರನ ಮೇಲೆ ಲಾವಾ ಇದ್ದದ್ದು ನಿಜ ತಾನೇ?

ಲಾಲ್‌ಬಾಗ್_ಬಂಡೆ
ಭಾನುವಾರ ರಾತ್ರಿ 9:44

ನಿಜ. ಕಣ್ಣಿಗೆ ಕಾಣೋ ಕಪ್ಪು ಬಯಲುಗಳು, ಮೊಲ ಅಂತೀವಲ್ಲ, ಅದೆಲ್ಲ ಲಾವಾ ಹರಿದು ಗಟ್ಟಿಯಾದದ್ದೇ. ನಮ್ಮ ಆರ್ಯಭಟನ ಹೆಸರಿನ ಕುಳಿಯನ್ನ ಆ ಲಾವಾ ಮುಳುಗಿಸಿಬಿಟ್ಟಿದೆ, ಈಗ ಉಳಿದಿರೋದು ಬಿಲ್ಲಿನಾಕಾರದ ಒಂದು ಅಂಚು.

ಟೈಕೊ ಅದಕ್ಕಿಂತ ಎಷ್ಟೋ ಈಚಿನದು. ಸುಮಾರು 10.8 ಕೋಟಿ ವರ್ಷ. ಅದು ಹೇಗೆ ಗೊತ್ತಾಯ್ತು ಅನ್ನೋದು ನನಗೆ ಬಹಳ ಇಷ್ಟವಾದ ಕಥೆ. 1972ರಲ್ಲಿ ಅಪೊಲೊ 17ರವರು ಇಳಿದದ್ದು ಟೈಕೊದಿಂದ 2000 ಕಿಮೀಗೂ ದೂರ. ಅಲ್ಲಿನ ಬೆಟ್ಟದಿಂದ ಒಂದು ಕಡೆ ಮಣ್ಣು ಜಾರಿ ಬಿದ್ದಿತ್ತು. ಟೈಕೊದಿಂದ ಹಾರಿ ಬಂದ ಚೂರುಗಳು ಬಡಿದು ಆದ ಜಾರಿಕೆ ಅದು ಅಂತ ಅಂದಾಜು. ಆ ಮಣ್ಣು ಎಷ್ಟು ಕಾಲದಿಂದ ಮೇಲೆ ತೆರೆದುಕೊಂಡಿದೆ ಅಂತ ಅಳೆದು ವಯಸ್ಸು ಹೇಳಿದ್ರು. ಟೈಕೊಗೆ ಕಾಲಿಡದೇ ಟೈಕೊ ಜಾತಕ ಸಿಕ್ಕಿತು.

ಲಾಲ್‌ಬಾಗಿನ ಬಂಡೆ ಮೇಲೆ ಕೂತು ಇದನ್ನ ಯೋಚಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಟೈಕೊ ಹುಟ್ಟಿದ ರಾತ್ರಿ ಆ ಬಂಡೆ ಆಗಲೇ ಹಳೇದು, ಭೂಮಿ ಮೇಲೆ ಡೈನೋಸಾರ್ ಓಡಾಡ್ತಿದ್ವು, ಮಹಾರಾಷ್ಟ್ರದ ಡೆಕ್ಕನ್ ಲಾವಾ ಇನ್ನೂ ಹರಿದಿರ್ಲಿಲ್ಲ.

ಯಲಹಂಕ_ಬೈಕು
ಸೋಮವಾರ ಬೆಳಿಗ್ಗೆ 9:05

85 ಕಿಮೀ ಅಂದ್ರೆ ಎಷ್ಟು ಅಂತ ಅಂದಾಜೇ ಆಗ್ತಿಲ್ಲ.

ಲೆಕ್ಕದ_ಮೇಷ್ಟ್ರು
ಸೋಮವಾರ ಬೆಳಿಗ್ಗೆ 9:48

ನಕ್ಷೆ ಹಿಡಿದು ಅಳೆದೆ. ಮೆಜೆಸ್ಟಿಕ್ ಮೇಲೆ ಕೈವಾರದ ಮುಳ್ಳು ಊರಿ 43 ಕಿಮೀ ವೃತ್ತ ಎಳೆಯಿರಿ. ಗೆರೆ ರಾಮನಗರದ ಬೆಟ್ಟಗಳನ್ನು ಮುಟ್ಟುತ್ತದೆ. ಉತ್ತರಕ್ಕೆ ನಂದಿ ಬೆಟ್ಟದ ಬುಡದ ಹತ್ತಿರ ಹೋಗುತ್ತದೆ, ವಾಯವ್ಯಕ್ಕೆ ಡಾಬಸ್‌ಪೇಟೆ ಸಮೀಪ. ಹೊಸೂರು, ದೊಡ್ಡಬಳ್ಳಾಪುರ ಎರಡೂ ಒಳಗೆ. ಇಡೀ ಬೆಂಗಳೂರು ಕುಳಿಯ ತಳದಲ್ಲಿ. ಮೆಜೆಸ್ಟಿಕ್ ಇರುವಲ್ಲಿ 2 ಕಿಮೀ ಎತ್ತರದ ಶಿಖರ, ರಾಮನಗರದಲ್ಲಿ 4.7 ಕಿಮೀ ಗೋಡೆ. ನಂದಿ ಬೆಟ್ಟ ಸಮುದ್ರಮಟ್ಟದಿಂದಲೇ 1478 ಮೀಟರ್, ಅಂಥ ಮೂರನ್ನು ಒಂದರ ಮೇಲೊಂದು ಪೇರಿಸಿದರೂ ಗೋಡೆಯ ತಲೆ ಮುಟ್ಟುವುದಿಲ್ಲ.

ಹೊಸಕೆರೆಹಳ್ಳಿ_ಪದ್ಮ
ಸೋಮವಾರ ಬೆಳಿಗ್ಗೆ 10:20

ಆ ಶಿಖರದ ನೆತ್ತಿ ಮೇಲೆ ಒಂದೇ ಒಂದು ಬಂಡೆ ಕೂತಿದೆ, ಗೊತ್ತಾ? 2011ರ ಜೂನ್ 10ರಂದು ನಾಸಾದ ಎಲ್‌ಆರ್‌ಒ ನೌಕೆ ಟೈಕೊ ಮೇಲೆ ಬೆಳಗಾಗೋ ಹೊತ್ತಿಗೆ ಚಿತ್ರ ತೆಗೀತು. ಬಂಡೆಯ ಅಗಲ 120 ಮೀಟರ್. ವಿಧಾನಸೌಧದ ಉದ್ದದ ಅರ್ಧಕ್ಕಿಂತ ಜಾಸ್ತಿ. ನಾನು ಆ ಚಿತ್ರ ಮೊದಲ ಸಲ ನೋಡಿದಾಗ ಕೆಲಸ ಬಿಟ್ಟು ಅರ್ಧ ಗಂಟೆ ನೋಡ್ತಾ ಕೂತಿದ್ದೆ. ನಮ್ಮ ಟೆಲಿಸ್ಕೋಪಲ್ಲಿ ಬಂಡೆ ಕಾಣಲ್ಲ, ಆದ್ರೆ ಅದು ಅಲ್ಲಿದೆ ಅಂತ ಗೊತ್ತಿದ್ದು ಶಿಖರ ನೋಡೋದೇ ಬೇರೆ.

ಹುಬ್ಬಳ್ಳಿ_ಟು_ಹೆಬ್ಬಾಳ
ಸೋಮವಾರ ಬೆಳಿಗ್ಗೆ 10:33

ಅಲ್ಲಿ ಯಾರರ ಇಳದಾರೇನ್ರಿ?

ತಾರಸಿ_ದುರ್ಬೀನು
ಸೋಮವಾರ ಬೆಳಿಗ್ಗೆ 10:52

ಮನುಷ್ಯರಿಲ್ಲ. ಸರ್ವೇಯರ್ 7 ಅನ್ನೋ ನೌಕೆ 1968ರ ಜನವರಿಯಲ್ಲಿ ಟೈಕೊ ಅಂಚಿನ ಉತ್ತರಕ್ಕೆ ಸುಮಾರು 30 ಕಿಮೀ ದೂರದಲ್ಲಿ ಇಳಿಯಿತು. ಆ ಸಾಲಿನ ಕೊನೇ ನೌಕೆ. ಕುಳಿಯಿಂದ ಎದ್ದು ಬಿದ್ದ ಕಲ್ಲುಗಳ ರಾಶಿ ನಡುವೆ ಇಳಿದು, ಕೈಚಾಚಿ ಮಣ್ಣು ಕೆದರಿ ಪರೀಕ್ಷೆ ಮಾಡಿತ್ತು.

ಪೀಣ್ಯ_ಪಾಳಿ
ಸೋಮವಾರ ಮಧ್ಯಾಹ್ನ 3:15

ಕುಳಿ ಅಂದ್ರೆ ನನಗೆ ನೆನಪಾಗೋದು ಚಂದ್ರಯಾನ-3ರ ರೋವರ್ ಪ್ರಗ್ಯಾನ್. 2023ರ ಆಗಸ್ಟ್ 23ಕ್ಕೆ ಇಳಿದ ನಾಲ್ಕೇ ದಿನಕ್ಕೆ ಅದರ ಎದುರಿಗೆ 4 ಮೀಟರ್ ಅಗಲದ ಕುಳಿ ಬಂತು. 3 ಮೀಟರ್ ದೂರದಲ್ಲಿ ನೋಡಿ ದಾರಿ ಬದಲಿಸಿದ್ರು. ನಮ್ಮ ಫ್ಯಾಕ್ಟರಿ ಪಕ್ಕದ ರಸ್ತೆಯಲ್ಲೇ ಇಸ್ರೋದ ನಿಯಂತ್ರಣ ಕೇಂದ್ರ. ಅವತ್ತು ಸಂಜೆ ಪಾಳಿ ಬಿಟ್ಟು ಬಂದೋರೆಲ್ಲ ಗೇಟಿನ ಹೊರಗೆ ಫೋನ್ ಹಿಡ್ಕೊಂಡು ನಿಂತಿದ್ವಿ. ಇಳೀತು ಅಂದಾಗ ಗುರುತು ಪರಿಚಯ ಇಲ್ಲದವರೆಲ್ಲ ತಬ್ಕೊಂಡ್ರು.

ಲಾಲ್‌ಬಾಗ್_ಬಂಡೆ
ಸೋಮವಾರ ಮಧ್ಯಾಹ್ನ 3:40

ಅವತ್ತು ನಾನೂ ಅತ್ತಿದ್ದೆ.

ಶಿಖರದ ವಿಷಯಕ್ಕೆ ಚಂದ್ರಯಾನದ್ದೇ ಒಂದು ಮಾತು ಸೇರಿಸ್ತೀನಿ. ಚಂದ್ರಯಾನ-1ರಲ್ಲಿ ನಾಸಾದ ಎಂ3 ಅನ್ನೋ ಉಪಕರಣ ಇತ್ತು. ಅದರ ಮಾಹಿತಿಯಿಂದ 2013ರಲ್ಲಿ ಬುಲ್ಲಿಯಾಲ್ಡಸ್ ಕುಳಿಯ ನಡುವಿನ ಶಿಖರದಲ್ಲಿ ನೀರಿನಂಶದ ಗುರುತು ಸಿಕ್ತು, ಹೊರಗಿಂದ ಬಂದದ್ದಲ್ಲ, ಚಂದ್ರನ ಒಡಲಿನದ್ದೇ. ಶಿಖರ ಅಂದ್ರೆ ಆಳದ ಕಲ್ಲು ಮೇಲೆ ಬಂದದ್ದು ಅಂದೆನಲ್ಲ, ಅದಕ್ಕೇ ಅದು ಅಷ್ಟು ಬೆಲೆಯ ಜಾಗ. ಬಾವಿ ತೋಡದೇ ಬಾವಿಯ ತಳ ನೋಡಿದ ಹಾಗೆ.

ಗಿರಿನಗರ_ಗೀತಾ
ಸೋಮವಾರ ಸಂಜೆ 7:10

ನಾನು ತೆಗೆದ ಫೋಟೋದಲ್ಲಿ ಕುಳಿಗಳೆಲ್ಲ ಗುಳ್ಳೆ ಥರ ಉಬ್ಬಿ ಕಾಣ್ತಿವೆ. ನನಗೆ ಮಾತ್ರಾನಾ?

ಬಿಳೇಕಹಳ್ಳಿ_ಟೀಚರ್
ಸೋಮವಾರ ಸಂಜೆ 7:25

ಎಲ್ಲರಿಗೂ ಆಗುತ್ತೆ. ಬೆಳಕು ಮೇಲಿಂದ ಬರುತ್ತೆ ಅಂತ ಮೆದುಳು ನಂಬಿಕೊಂಡಿರುತ್ತೆ. ಪಡ್ಡಿನ ಹಂಚಿನ ಫೋಟೋ ತೆಗೆದು ತಲೆಕೆಳಗೆ ಹಿಡೀರಿ, ಗುಳಿಗಳೆಲ್ಲ ಉಬ್ಬಿಬಿಡ್ತವೆ. ನಿಮ್ಮ ಫೋಟೋನೂ ಒಂದು ಸಲ ತಿರುಗಿಸಿ ನೋಡಿ.

ಗಿರಿನಗರ_ಗೀತಾ
ಸೋಮವಾರ ಸಂಜೆ 7:27

ಅಯ್ಯೋ ಹೌದು! ಒಳಗೆ ಹೋಯ್ತು!

ಯಲಹಂಕ_ಬೈಕು
ಮಂಗಳವಾರ ಬೆಳಿಗ್ಗೆ 8:40

ಮಧ್ಯೆ ಒಂದು ಕೇಳ್ತೀನಿ. ನಾನು ಹೋದ ವರ್ಷ ಒಂದು ಅಂಗಡಿಯಲ್ಲಿ 675 ಪಟ್ಟು ಅಂತ ಡಬ್ಬಿ ಮೇಲೆ ಬರೆದಿದ್ದ ಟೆಲಿಸ್ಕೋಪ್ ತಗೊಂಡೆ. ಜೋರು ಪಟ್ಟು ಹಾಕಿದ್ರೆ ಬರೀ ಮಬ್ಬು. ವಾಪಸ್ಸೂ ತಗೊಳ್ಲಿಲ್ಲ. ಬಹಳ ಬೇಜಾರಾಗಿ ಮೂಲೆಗೆ ಹಾಕಿದೀನಿ.

ತಾರಸಿ_ದುರ್ಬೀನು
ಮಂಗಳವಾರ ಬೆಳಿಗ್ಗೆ 9:12

ಮೂಲೆಯಿಂದ ತೆಗೀರಿ. ಎದುರಿನ ಗಾಜಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು ದಾಟಿದ್ರೆ ಯಾವ ಟೆಲಿಸ್ಕೋಪೂ ಮಬ್ಬೇ. 70 ಎಂಎಂಗೆ 140 ಗರಿಷ್ಠ. ಅತಿ ಕಡಿಮೆ ಪಟ್ಟಿನ ಕಣ್ಣುಗಾಜು ಹಾಕಿ ಶುರು ಮಾಡಿ. ಮೂರು ಕಾಲಿನ ಸ್ಟ್ಯಾಂಡ್ ಅಲುಗಾಡಿದ್ರೆ ನಡುವೆ ಒಂದು ಚೀಲದಲ್ಲಿ ಎರಡು ಇಟ್ಟಿಗೆ ತೂಗು ಹಾಕಿ. ಟೈಕೊ ಖಂಡಿತ ಕಾಣುತ್ತೆ.

ಗಿರಿನಗರ_ಗೀತಾ
ಮಂಗಳವಾರ ಬೆಳಿಗ್ಗೆ 11:00

ಟೀಚರ್ ಹೇಳಿದ ಮೆಸ್ಸಿಯರ್ ಯಾವ ತಿಥಿ ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 11:30

ಪೂರ್ವ 47 ಡಿಗ್ರಿ ಚಿಲ್ಲರೆ. ಲೆಕ್ಕಕ್ಕೆ ಚತುರ್ಥಿ ಬರುತ್ತದೆ.

ಗಿರಿನಗರ_ಗೀತಾ
ಮಂಗಳವಾರ ಬೆಳಿಗ್ಗೆ 11:34

ಚೌತಿ ಚಂದ್ರ ನೋಡಬಾರದು ಅಂತ ನಮ್ಮಜ್ಜಿ ಕಟ್ಟುನಿಟ್ಟು.

ಮಲ್ಲೇಶ್ವರ_ಅಡ್ಡರಸ್ತೆ
ಮಂಗಳವಾರ ಮಧ್ಯಾಹ್ನ 12:02

ಅಜ್ಜಿ ಮಾತು ಮೀರೋದು ಬೇಡಮ್ಮ. ಅದು ಭಾದ್ರಪದದ ಶುಕ್ಲ ಚೌತಿಗೆ. ಸಂಕಷ್ಟಿ ಕೃಷ್ಣ ಪಕ್ಷದ ಚೌತಿ, ಅವತ್ತು ಚಂದ್ರನ್ನ ನೋಡಿಯೇ ಊಟ ಮಾಡೋದು. ಮೇಷ್ಟ್ರ ಲೆಕ್ಕದ ಪ್ರಕಾರ ಅವತ್ತು ಮೆಸ್ಸಿಯರ್ ಮೇಲೆ ಸಂಜೆ. ಅಜ್ಜಿಗೂ ಒಂದು ಸಲ ಕಣ್ಣಿಟ್ಟು ತೋರಿಸಿ.

ಗಿರಿನಗರ_ಗೀತಾ
ಬುಧವಾರ ರಾತ್ರಿ 10:15

ಸಂಕಷ್ಟಿಗೆ ಮೋಡ. ಮಾವಿನ ಮಳೆ ಶುರು ಆಯ್ತು ಇಲ್ಲಿ. ಅಜ್ಜಿ ದಿಕ್ಕಿಗೆ ಕೈಮುಗಿದು ಊಟ ಮಾಡಿದ್ರು. ಮುಂದಿನ ಸಂಕಷ್ಟಿಗೆ ತಾವೂ ತಾರಸಿಗೆ ಬರ್ತಾರಂತೆ.

ಲೆಕ್ಕದ_ಮೇಷ್ಟ್ರು
ಶನಿವಾರ ಸಂಜೆ 6:20

ಕಬ್ಬನ್‌ಪೇಟೆಯವರೇ, ನಾಳೆ ನಾಡಿದ್ದು ನಿಮ್ಮ ದಿನ. ಒಂದು ಲೆಕ್ಕ ಹೇಳುತ್ತೇನೆ. ಗೋಡೆ 4.7 ಕಿಮೀ, ಶಿಖರ 2 ಕಿಮೀ, ನಡುವಿನ ದೂರ ಸುಮಾರು 40 ಕಿಮೀ. ಟೈಕೊ ದಿಗಂತದ ಮೇಲೆ ಸೂರ್ಯನ ಎತ್ತರ 7 ಡಿಗ್ರಿಗಿಂತ ಕಡಿಮೆಯಾದಾಗ ಗೋಡೆಯ ನೆರಳು ಶಿಖರದ ಬುಡಕ್ಕೆ ಬರುತ್ತದೆ. 4 ಡಿಗ್ರಿಗೆ ಬಂದಾಗ ತುದಿಯೂ ಮುಳುಗುತ್ತದೆ. ನಡುವಿನ ಏಳೆಂಟು ಗಂಟೆ ತಳವೆಲ್ಲ ಕತ್ತಲು, ಶಿಖರ ಒಂದಕ್ಕೇ ಬಿಸಿಲು. ಆ ಗಳಿಗೆ ಸಿಕ್ಕರೆ ಬಿಡಬೇಡಿ.

ಕಬ್ಬನ್‌ಪೇಟೆ_ಕಿಟಕಿ
ಸೋಮವಾರ ಬೆಳಿಗ್ಗೆ 6:40

ಎರಡು ದಿನವೂ ಎದ್ವಿ.

ನಿನ್ನೆ ಅಷ್ಟಮಿ. ನಾಲ್ಕೂವರೆಗೆ ತಾರಸಿ, ನೆಲ ತಣ್ಣಗಿತ್ತು, ಮಾರ್ಕೆಟ್ ಕಡೆ ಹೂವಿನ ಲಾರಿಗಳ ಸದ್ದು ಬಿಟ್ರೆ ಏನಿಲ್ಲ. ಟೈಕೊ ಹುಡುಕೋ ಕೆಲಸವೇ ಇರ್ಲಿಲ್ಲ. ಕುಳಿಯ ಅರ್ಧ ತಳ ಕಪ್ಪು ಶಾಯಿ, ಇನ್ನರ್ಧ ಬೂದು, ಸೂರ್ಯನ ಕಡೆ ಮುಖ ಮಾಡಿದ ಗೋಡೆ ಬೆಳ್ಳಗೆ ಉರೀತಿತ್ತು. ಅದರಲ್ಲಿ ಎರಡು ಮೆಟ್ಟಿಲು ಎಣಿಸಿದೆ. ನಡುವೆ ಬೆಟ್ಟ, ಬೆಟ್ಟದ ಪಕ್ಕಕ್ಕೆ ಅದರದ್ದೇ ಚೂಪು ನೆರಳು. ಬಿಳಿ ಗೆರೆ ಒಂದೂ ಇರ್ಲಿಲ್ಲ. ಹೋದ ವಾರ ಕಂಡ ಜಾಗವೇ ಇದು ಅಂತ ನಂಬೋಕೆ ಆಗ್ಲಿಲ್ಲ.

ಇವತ್ತು ನವಮಿ. ಮೋಡ ಅತ್ತಿತ್ತ ಹೋಗ್ತಿತ್ತು, ಹತ್ತು ನಿಮಿಷ ಕಾದ್ವಿ. ಸರಿದ ಮೇಲೆ ಮಗಳು ಮೊದಲು ಕಣ್ಣಿಟ್ಟಳು. ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಅಪ್ಪಾ, ಬಾವಿ ಒಳಗೆ ಒಂದು ದೀಪ ಇದೆ" ಅಂದ್ಲು. ನಾನು ನೋಡಿದೆ. ಅಂಚಿನ ಒಂದು ಬೆಳ್ಳಿ ಬಳೆ, ಒಳಗೆಲ್ಲ ಕಗ್ಗತ್ತಲು, ನಟ್ಟನಡುವೆ ಒಂದೇ ಒಂದು ಬೆಳಕಿನ ಕಾಳು. ಪದ್ಮ ಅವರು ಹೇಳಿದ ಬಂಡೆ ಆ ಕಾಳಿನ ಒಳಗೆ ಎಲ್ಲೋ ಇದೆ ಅಂತ ಅವಳಿಗೆ ಹೇಳಿದೆ. ಮತ್ತೆ ಹೋಗಿ ಕಣ್ಣಿಟ್ಟಳು. ಐದೂಮುಕ್ಕಾಲಿಗೆ ಬೆಳಕು ಹರಿದು ಆಕಾಶ ನೀಲಿಯಾಗೋವರೆಗೂ ಬಿಟ್ಟುಕೊಡ್ಲಿಲ್ಲ.

ಈಗ ಶಾಲೆಗೆ ಹೊರಟಿದಾಳೆ. ಚೀಲದಲ್ಲಿ ಒಂದು ಡಬ್ಬಿ ರಾಗಿ ಹಿಟ್ಟು, ಒಂದು ಡಬ್ಬಿ ಅಕ್ಕಿ ಹಿಟ್ಟು, ಎರಡು ಗೋಲಿ.

ಹೊಸಕೆರೆಹಳ್ಳಿ_ಪದ್ಮ
ಸೋಮವಾರ ಬೆಳಿಗ್ಗೆ 6:58

ಓದಿ ಕಣ್ಣು ತುಂಬಿ ಬಂತು. ನನಗೆ ಇಲ್ಲಿ ಪೂರ್ತಿ ಮೋಡ.

ಲೆಕ್ಕದ_ಮೇಷ್ಟ್ರು
ಸೋಮವಾರ ಬೆಳಿಗ್ಗೆ 7:15

ಬರೀ ತಿಥಿ ಲೆಕ್ಕದಲ್ಲಿ ಆ ಗಳಿಗೆ ಅಷ್ಟಮಿ ಮುಗಿಯುವಾಗಲೇ ಬರಬೇಕಿತ್ತು. ನಿಮಗೆ ನವಮಿಯ ಬೆಳಿಗ್ಗೆಯೂ ಸಿಕ್ಕಿದೆ. ತೂಗಾಟ ನಿಮ್ಮ ಕಡೆ ಇತ್ತು.

ಯಲಹಂಕ_ಬೈಕು
ಸೋಮವಾರ ಬೆಳಿಗ್ಗೆ 8:30

ಇಟ್ಟಿಗೆ ತೂಗು ಹಾಕಿದೆ, ಅಲುಗಾಟ ನಿಂತಿದೆ. ನಾಳೆ ದಶಮಿ ಅಂದ್ರೆ ಕೊಪರ್ನಿಕಸ್ ತಾನೇ?

ಮಲ್ಲೇಶ್ವರ_ಅಡ್ಡರಸ್ತೆ
ಸೋಮವಾರ ಬೆಳಿಗ್ಗೆ 8:34

ಹೌದು. ನಾಲ್ಕೂವರೆಗೆ ಅಲಾರಂ ಇಡಿ. ದಕ್ಷಿಣದಿಂದ ಉತ್ತರಕ್ಕೆ ಗಡಿ ಹಿಡಿದು ಬನ್ನಿ, ಕಪ್ಪು ಬಯಲಿನ ನಡುವೆ ಒಂಟಿಯಾಗಿರುತ್ತೆ.